ಮಲೆನಾಡಿನ ಜಗಲಿಗೆ ಎಂಥ ಸ್ಪೀಕರ್ ಹೊಂದುತ್ತದೆ?

ನಮ್ಮ ಮನೆ ತೀರ್ಥಹಳ್ಳಿ ಕಡೆ. ಮಣ್ಣಿನ ಗೋಡೆ, ಮಂಗಳೂರು ಹಂಚು, ಮುಂದೆ 28 ಅಡಿ ಉದ್ದದ ಜಗಲಿ. ಅಗಲ ಮಾತ್ರ 7 ಅಡಿ. ಟೀವಿ ಒಳಗಿದೆ, ಆದರೆ ಸಂಜೆ ಜನ ಇರುವುದು ಹೊರಗೆ. ಅಡಿಕೆ ಸುಲಿಯುವುದು, ಎಲೆಯಡಿಕೆ ಹಾಕುವುದು, ಬಂದವರಿಗೆ ಕಾಫಿ ಕೊಡುವುದು ಎಲ್ಲ ಜಗಲಿಯಲ್ಲೇ. ಅಲ್ಲಿಗೊಂದು ಒಳ್ಳೆಯ ಮ್ಯೂಸಿಕ್ ಸಿಸ್ಟಮ್ ಬೇಕು ಎಂದು ಶುರುವಾದ ಹುಡುಕಾಟ ಶಿವಮೊಗ್ಗ, ಬೆಂಗಳೂರಿನ ಎಸ್.ಪಿ. ರೋಡ್ ಎಲ್ಲ ಸುತ್ತಿ ಅಂತೂ ಮುಗಿದಿದೆ. ಜಗಲಿಗೋ ಪೋರ್ಟಿಕೋಗೋ ಸ್ಪೀಕರ್ ಹುಡುಕುತ್ತಿರುವವರಿಗೆ ಉಪಯೋಗ ಆಗಲಿ ಎಂದು ಬರೆಯುತ್ತಿದ್ದೇನೆ.

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಜಗಲಿಗೆ ವ್ಯಾಟ್ ನೋಡಿ ದುಡ್ಡು ಸುರಿಯಬೇಡಿ. ಸಾಧಾರಣ ಗಾತ್ರದ ಎರಡು ಬಾಕ್ಸ್ ತಗೊಳ್ಳಿ, ಜನ ಕೂರುವ ಜಾಗಕ್ಕೆ ಹತ್ತಿರ ಹಾಕಿ, ಸಣ್ಣಗೆ ಕೇಳಿ. ನಾವು ಹಾಕಿಸಿದ್ದು ಜೆಬಿಎಲ್ ಕಂಟ್ರೋಲ್ 25-1 ಜೋಡಿ, ಅದಕ್ಕೊಂದು ಅಂಗೈ ಅಗಲದ ಆಂಪ್ಲಿಫೈಯರ್. ಇದು ಹೆಚ್ಚಾಗಿ ಹೋಟೆಲ್, ಅಂಗಡಿಗಳ ಗೋಡೆ ಮೇಲೆ ಕಾಣುವ ಸ್ಪೀಕರ್. ಹಳ್ಳಿ ಮನೆಗೆ ಎಂದು ಕೇಳಿದಾಗ ಅಂಗಡಿಯವರೇ ಹುಬ್ಬೇರಿಸಿದರು.

ಯಾರು ಏನು ಕೇಳುತ್ತಾರೆ ಅಂತ ಮೊದಲು ನೋಡಬೇಕು, ಅಲ್ವಾ? ನಮ್ಮ ಮಾವನಿಗೆ ಭದ್ರಾವತಿ ಆಕಾಶವಾಣಿ, 103.5ರಲ್ಲಿ. ಬೆಳಿಗ್ಗೆ ಚಿಂತನ, ಸುದ್ದಿ, ಸಂಜೆ ಕೃಷಿರಂಗ. ನಮ್ಮ ಯಜಮಾನರಿಗೆ ತಾಳಮದ್ದಲೆ, ಅಂದರೆ ವೇಷ, ಕುಣಿತ ಇಲ್ಲದೆ ಕೂತು ಹಾಡು, ಮಾತಲ್ಲೇ ನಡೆಸುವ ಯಕ್ಷಗಾನ. ಮಗಳು ಬೆಂಗಳೂರಿಂದ ಬಂದರೆ ಅವಳ ಫೋನಿನ ಹಾಡು. ನನಗೆ ಕೊಳಲು, ಭಾವಗೀತೆ. ಲೆಕ್ಕ ಹಾಕಿದರೆ ಇದರಲ್ಲಿ ಜಾಸ್ತಿ ಪಾಲು ಮಾತು. ಹಾಗಾಗಿ ಅಕ್ಷರ ಬಿಡಿಸಿ ಕೇಳಿಸುವ ಸ್ಪೀಕರ್ ಬೇಕಿತ್ತು. ಎದೆ ನಡುಗಿಸುವ ಬೇಸ್ ಯಾರಿಗೂ ಬೇಡ. ಅಂಗಡಿಯ ಹುಡುಗ ಇದನ್ನು ನಂಬಲೇ ಇಲ್ಲ. "ಆಂಟಿ, ಇದರ ಬೇಸ್ ಒಂದ್ಸಲ ಕೇಳಿ" ಎನ್ನುತ್ತಲೇ ಇದ್ದ. ಇನ್ನೊಂದು ತಮಾಷೆ, ಬಣ್ಣದ ವಿಷಯ ನನ್ನ ಹತ್ತಿರ ಹೇಳುತ್ತಾನೆ, ವ್ಯಾಟ್ ವಿಷಯ ನಮ್ಮ ಯಜಮಾನರ ಹತ್ತಿರ. ಅವರಿಗೆ ಬಲ್ಬಿನ ವ್ಯಾಟ್ ಬಿಟ್ಟರೆ ಬೇರೆ ಗೊತ್ತಿಲ್ಲ. ಸುಮ್ನೆ ತಲೆ ಆಡಿಸುತ್ತಾ ನಿಂತಿದ್ದರು.

ಈ ವ್ಯಾಟ್ ಕಥೆ ಸ್ವಲ್ಪ ಬಿಡಿಸಿ ಹೇಳಬೇಕು. ಅದೇ ಸ್ಪೀಕರಿಗೆ 50 ವ್ಯಾಟ್ ಬದಲು 100 ವ್ಯಾಟ್ ಕೊಟ್ಟರೆ ಹೆಚ್ಚುವುದು 3 ಡೆಸಿಬಲ್. ಕಿವಿಗೆ ತುಸು ಜೋರಾಯ್ತು ಅನಿಸುತ್ತದೆ, ಅಷ್ಟೇ. ಎರಡು ಪಟ್ಟು ಜೋರು ಅನಿಸಬೇಕಾದರೆ ಸುಮಾರು 10 ಪಟ್ಟು ವ್ಯಾಟ್ ಬೇಕು. ಹಿಂದೆಲ್ಲ ಡಬ್ಬದ ಮೇಲೆ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಲೆಕ್ಕ) ಎಂದು ಸಾವಿರಗಟ್ಟಲೆ ವ್ಯಾಟ್ ಬರೆಯುತ್ತಿದ್ದರಲ್ಲ, ಅದನ್ನು ಲೆಕ್ಕಕ್ಕೇ ಹಿಡಿಯಬೇಡಿ. ಆರ್‌ಎಂಎಸ್, ಅಂದರೆ ಬಿಡದೆ ಕೊಡಬಲ್ಲ ವ್ಯಾಟ್, ಎಷ್ಟು ಎಂದು ಕೇಳಿ. ಅದಕ್ಕಿಂತ ಮೊದಲು ಸೆನ್ಸಿಟಿವಿಟಿ ಎಷ್ಟು ಎಂದು ಕೇಳಿ. 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಸದ್ದು ಬರುತ್ತದೆ ಎಂದು ಹೇಳುವ ಅಂಕಿ ಅದು. 84 ಇರುವ ಸ್ಪೀಕರಿನಿಂದ 90 ಇರುವುದರಷ್ಟೇ ಸದ್ದು ಹೊರಡಿಸಬೇಕಾದರೆ 4 ಪಟ್ಟು ವ್ಯಾಟ್ ಸುರಿಯಬೇಕು. ಈ ಅಂಕಿ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಇರುವುದಿಲ್ಲ. ಒಳಗಿನ ಕಾಗದದಲ್ಲಿ ಹುಡುಕಬೇಕು. ಕೆಲವು ಅಂಗಡಿಯಲ್ಲಿ ಆ ಕಾಗದ ತೆಗೆದು ತೋರಿಸಿ ಎಂದರೆ ಮುಖ ಗಂಟು ಹಾಕುತ್ತಾರೆ. ಹಾಕಲಿ.

ಇನ್ನು ಜಗಲಿಯ ಸ್ವಭಾವ. ಕೋಣೆಯಲ್ಲಿ ನಾಲ್ಕೂ ಗೋಡೆ ಸದ್ದನ್ನು ವಾಪಸ್ ಕೊಡುತ್ತವೆ. ಜಗಲಿಯಲ್ಲಿ ಹಿಂದೆ ಒಂದು ಗೋಡೆ, ಮೇಲೆ ಹಂಚು, ಮುಂದೆಲ್ಲ ಬಯಲು. ಅಂಗಳದ ಕಡೆ ಹೋದ ಸದ್ದು ತೋಟಕ್ಕೇ ಹೋಯ್ತು. ಬಯಲಲ್ಲಿ ದೂರ ಎರಡು ಪಟ್ಟಾದರೆ 6 ಡೆಸಿಬಲ್ ಇಳಿಯುತ್ತದೆ. ಸ್ಪೀಕರಿನಿಂದ 2 ಮೀಟರ್ ದೂರ ಕೂತವರಿಗೆ ಸರಿಯಾಗಿ ಕೇಳುವುದು 4 ಮೀಟರಿನಲ್ಲಿ ಕೂತವರಿಗೂ ಅಷ್ಟೇ ಕೇಳಬೇಕಾದರೆ ಮತ್ತೆ ಅದೇ 4 ಪಟ್ಟು ವ್ಯಾಟ್. ಹಾಗೆ ಮಾಡಿದರೆ ಹತ್ತಿರ ಕೂತವರ ಕಿವಿ ಹೋಗುತ್ತದೆ. ಒಂದು ಮೂಲೆಯಲ್ಲಿ ದೊಡ್ಡದೊಂದನ್ನು ಇಟ್ಟು ಇಡೀ ಜಗಲಿಗೆ ಕೇಳಿಸುವ ಯೋಚನೆ ನಮ್ಮಲ್ಲಿ ಇಲ್ಲಿಗೇ ಬಿದ್ದುಹೋಯ್ತು. ಎರಡು ಬಾಕ್ಸ್, ಜಗಲಿಯ ಉದ್ದವನ್ನು ಹಂಚಿಕೊಂಡು, ಎರಡೂ ಕಡೆ ಕೂತವರಿಗೆ ಹತ್ತಿರ ಇರಬೇಕು.

ಅಂಗಡಿಯ ಡೆಮೋ ರೂಮನ್ನು ನಂಬಬೇಡಿ. ಶಿವಮೊಗ್ಗದ ಒಂದು ಅಂಗಡಿಯಲ್ಲಿ ಗಾಜಿನ ಕೋಣೆ, ಕೆಳಗೆ ಕಾರ್ಪೆಟ್, ಎಸಿ. ಅಲ್ಲಿ ಯಾವುದನ್ನು ಹಾಕಿದರೂ ಚೆನ್ನಾಗೇ ಕೇಳುತ್ತಿತ್ತು. ಇದನ್ನು ಹೊರಗೆ ಮೆಟ್ಟಿಲ ಹತ್ತಿರ ಇಟ್ಟು ಹಾಕಿ ಎಂದೆ. ಮಾಲೀಕರು ಒಳ್ಳೆಯವರು, ವೈರು ಎಳೆದು ಹೊರಗಿಟ್ಟರು. ಒಳಗೆ ಗುಂಯ್ ಎನ್ನುತ್ತಿದ್ದ ಎರಡು ಬಾಕ್ಸ್ ಹೊರಗೆ ಬಂದ ಕೂಡಲೇ ಸಪ್ಪೆಯಾದವು. ಒಂದು ಮಾತ್ರ ತನ್ನ ದನಿ ಉಳಿಸಿಕೊಂಡಿತು. ಅದೇ ಕಂಟ್ರೋಲ್ 25-1.

ನಾನು ಕೇಳಿ ನೋಡುವ ಕ್ರಮ ಹೀಗೆ. ಫೋನಲ್ಲಿ ತಾಳಮದ್ದಲೆಯ ಒಂದು ರೆಕಾರ್ಡಿಂಗ್ ಇಟ್ಟುಕೊಂಡಿದ್ದೆ. ಭಾಗವತರ ಪದ, ಚೆಂಡೆ, ಆಮೇಲೆ ಅರ್ಥ, ಅಂದರೆ ಪಾತ್ರದ ಮಾತು, ಶುರುವಾಗುವ ಭಾಗ. ಚೆಂಡೆಯ ಪೆಟ್ಟು ಕೆಟ್ಟ ಟ್ವೀಟರಿನಲ್ಲಿ (ಬಾಕ್ಸಿನೊಳಗೆ ಮೇಲಿನ ಸ್ವರ ಹೊರಡಿಸುವ ಸಣ್ಣ ಭಾಗ) ತಗಡಿನ ಮೇಲೆ ಕಲ್ಲು ಎಸೆದ ಹಾಗೆ ಕೇಳುತ್ತದೆ. ಒಳ್ಳೆಯದರಲ್ಲಿ ಪೆಟ್ಟಿನ ಹಿಂದೆ ಚರ್ಮದ ನಾದವೂ ಇರುತ್ತದೆ. ಮದ್ದಲೆಯ ಎಡಗೈ ಪೆಟ್ಟು ಪೂರ್ತಿ ಕಳೆದುಹೋಗಬಾರದು. ಆಮೇಲೆ ವಾಲ್ಯೂಮ್ ಮುಟ್ಟದೆ ಹತ್ತು ಹೆಜ್ಜೆ ಹಿಂದೆ ಹೋಗಿ ನಿಲ್ಲುವುದು. ಅರ್ಥಧಾರಿಯ ಮಾತಲ್ಲಿ ಸ, ಶ, ತ, ಥ ಬೇರೆಬೇರೆ ಕೇಳುತ್ತವಾ? ಕೇಳಿದರೆ ಪಾಸು. ಬೇಸ್ ಜಾಸ್ತಿ ಇರುವ ಪಾರ್ಟಿ ಸ್ಪೀಕರುಗಳು ಇಲ್ಲೇ ಬಿದ್ದುಹೋಗುತ್ತವೆ. ನಮ್ಮ ಮೈದುನನ ಮನೆಯಲ್ಲಿ ಬಣ್ಣದ ಲೈಟು ಮಿನುಗುವ, ಚಕ್ರ ಇರುವ ಒಂದು ದೊಡ್ಡ ಟವರ್ ಇದೆ. ಯಾವ ಕಂಪನಿಯದು ಎಂದು ಹೇಳುವುದಿಲ್ಲ. ಮದುವೆ ಮನೆಯಲ್ಲಿ ಕುಣಿಯಲು ಭರ್ಜರಿ. ಅದರಲ್ಲಿ ಕೃಷ್ಣ ಸಂಧಾನ ಹಾಕಿದರೆ ಕೃಷ್ಣ ಯಾರು, ಕೌರವ ಯಾರು ಗೊತ್ತಾಗುವುದಿಲ್ಲ.

ಬ್ಲೂಟೂತ್ ಡಬ್ಬಿಗಳ ವಿಷಯಕ್ಕೆ ಬರೋಣ, ಜಾಸ್ತಿ ಜನ ತಗೊಳ್ಳುವುದು ಅದನ್ನೇ. ಬಾಡಿಗೆ ಮನೆ, ಸಣ್ಣ ಬಾಲ್ಕನಿ ಇದ್ದರೆ ಅದೇ ಸರಿ, ಅದಕ್ಕಿಂತ ಮುಂದೆ ಯೋಚಿಸುವುದೇ ಬೇಡ. ಜೆಬಿಎಲ್ ಫ್ಲಿಪ್ 6, ಚಾರ್ಜ್ 5, ಬೋಸ್ ಸೌಂಡ್‌ಲಿಂಕ್ ಫ್ಲೆಕ್ಸ್ ಇವೆಲ್ಲ ಐಪಿ67. ಇದರಲ್ಲಿ 6 ಎಂದರೆ ಧೂಳು ಒಳಗೆ ಹೋಗುವುದಿಲ್ಲ ಎಂದು. 7 ಎಂದರೆ 1 ಮೀಟರ್ ನೀರಲ್ಲಿ 30 ನಿಮಿಷ ಮುಳುಗಿದರೂ ತಡೆಯುತ್ತದೆ ಎಂದು. ಎರಚಲು ಮಳೆ ಬಿದ್ದರೆ ಭಯ ಇಲ್ಲ. ಆದರೆ ಫ್ಲಿಪ್ 6ರಲ್ಲೂ ಚಾರ್ಜ್ 5ರಲ್ಲೂ ಆಕ್ಸ್ ತೂತು ಇಲ್ಲ, ಹಳೇ ರೇಡಿಯೋದಿಂದ ವೈರು ಸಿಕ್ಕಿಸುತ್ತೇನೆ ಎಂದರೆ ಆಗುವುದಿಲ್ಲ. ಇನ್ನೊಂದು, ನಮ್ಮ ಕಡೆ ಶತ್ರು ಮಳೆಯ ನೀರಿಗಿಂತ ಜಾಸ್ತಿ ಗಾಳಿಯಲ್ಲಿರುವ ಥಂಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದಿಲ್ಲ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಐಪಿ ನಂಬರ್ ಅದನ್ನೆಲ್ಲ ಹೇಳುವುದಿಲ್ಲ. ಚಾರ್ಜಿಂಗ್ ತೂತಿನ ಪಿನ್ನಿಗೆ ಹಸಿರು ಕಿಲುಬು ಬಂದರೆ ಒಳಗಿನ ಬ್ಯಾಟರಿ ಎಷ್ಟು ಚೆನ್ನಾಗಿದ್ದರೂ ಪ್ರಯೋಜನ ಇಲ್ಲ. ಒದ್ದೆ ಇರುವಾಗ ಚಾರ್ಜಿಗೆ ಹಾಕಬೇಡಿ, ಒರೆಸಿ ಒಣಗಿಸಿ ಹಾಕಿ.

ವಯಸ್ಸಾದವರಿಗೆ ಎಂದರೆ ಸಾರೆಗಾಮಾ ಕಾರವಾನ್ ನೆನಪಾಗುತ್ತದೆ. 2017ರಲ್ಲಿ ಬಂತು, ಒಳಗೇ 5000 ಹಾಡು ತುಂಬಿಸಿ ಕೊಟ್ಟಿದ್ದರು. ಗುಂಡಿ ತಿರುಗಿಸಿದರೆ ಹಾಡು, ಎಫ್‌ಎಂ ಕೂಡ ಇದೆ. ನೆಟ್‌ವರ್ಕ್ ಇಲ್ಲದ ಊರಿಗೆ ಒಳ್ಳೆಯ ಉಪಾಯ. ನಮ್ಮ ಮಾವ ಅದನ್ನು ನೆಂಟರ ಮನೆಯಲ್ಲಿ ನೋಡಿ, "ಹಾಡು ಯಾರಿಗೆ ಬೇಕು, ಸುದ್ದಿ ಬರ್ತದಾ?" ಎಂದು ಕೇಳಿ ಮುಗಿಸಿದರು. ಅಲೆಕ್ಸಾ ತರಹದ್ದು ವೈಫೈ ಇಲ್ಲದೆ ನಡೆಯುವುದಿಲ್ಲ. ಅದನ್ನು ವಿಚಾರಿಸಲೂ ಹೋಗಲಿಲ್ಲ.

ಈಗ ನಾವು ಹಾಕಿಸಿದ್ದರ ಬಗ್ಗೆ. ಕಂಟ್ರೋಲ್ 25-1ರ ಒಳಗೆ ಕೆಳಗಿನ ಸ್ವರಕ್ಕೆ ಐದೂಕಾಲು ಇಂಚಿನ ವೂಫರ್, ಒಂದು ಟ್ವೀಟರ್. ಒಳಗೂ ಹೊರಗೂ ಹಾಕಬಹುದು ಎಂದೇ ಕಂಪನಿ ಮಾರುವ ಸ್ಪೀಕರ್ ಇದು. ಮುಂದೆಲ್ಲ ಲೋಹದ ಜಾಲರಿ. ಜೋಡಿಯಾಗಿ ಬರುತ್ತದೆ, ಕಪ್ಪು ಅಥವಾ ಬಿಳಿ. ನಾನು ಬಿಳಿ ತಗೊಂಡೆ, ಸುಣ್ಣದ ಗೋಡೆ ಮೇಲೆ ಕಣ್ಣಿಗೆ ಹೊಡೆಯುವುದಿಲ್ಲ. ಇದರ ಬ್ರಾಕೆಟ್ ನನಗೆ ತುಂಬಾ ಇಷ್ಟವಾಯ್ತು. ಗೋಡೆಗೆ ಒಂದು ಗುಂಡು ಕೂರಿಸಿ, ಅದಕ್ಕೆ ಬಾಕ್ಸ್ ಸಿಕ್ಕಿಸಿ, ಬೇಕಾದ ಕಡೆ ತಿರುಗಿಸಿ ಬಿಗಿ ಮಾಡುವುದು. ಹೊರಗೆ ಕಬ್ಬಿಣದ ಕೈ ಕಾಣುವುದಿಲ್ಲ, ಅದಕ್ಕೆ ಬಟ್ಟೆ ಒಣಹಾಕುವ ಆಸೆಯೂ ಯಾರಿಗೂ ಬರುವುದಿಲ್ಲ.

ಆದರೆ ಮಣ್ಣಿನ ಗೋಡೆ ಸ್ಕ್ರೂ ಹಿಡಿಯುವುದಿಲ್ಲ. ರಾಲ್‌ಪ್ಲಗ್ ಹೊಡೆದರೆ ಮಣ್ಣು ಪುಡಿಪುಡಿಯಾಗಿ ಉದುರುತ್ತದೆ. ಬಡಗಿ ಹಲಸಿನ ಹಲಗೆಯ ಎರಡು ತುಂಡು ಕೊಯ್ದು, ಉದ್ದ ಬೋಲ್ಟಿನಲ್ಲಿ ಬಾಗಿಲ ದಾರಂದದ ಪಕ್ಕದ ಮರದ ಕಂಬಕ್ಕೂ ಗೋಡೆಗೂ ಸೇರಿಸಿ ಬಿಗಿದ. ಸ್ಪೀಕರ್ ಅದರ ಮೇಲೆ. ಹಳೇ ಮನೆಯವರು ಈ ಖರ್ಚು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಎಲ್ಲಿ ಹಾಕುವುದು ಎಂದು ಮನೆಯಲ್ಲಿ ಒಂದು ಸಣ್ಣ ಯುದ್ಧವೇ ಆಯ್ತು. ಯಜಮಾನರು ಹೊರಗಿನ ಕಂಬಕ್ಕೆ, ಅಂಗಳದ ಕಡೆ ಮುಖ ಮಾಡಿ ಎಂದರು. ನಾನು ಹಿಂಗೋಡೆಗೆ, ಬೆಂಚಿನ ಕಡೆ ಬಗ್ಗಿಸಿ ಎಂದೆ. ಹಿಂದೆ ಗೋಡೆ ಇದ್ದರೆ ಕೆಳಗಿನ ಸ್ವರಕ್ಕೆ ಅದೇ ಬಲ ಕೊಡುತ್ತದೆ, ಇಷ್ಟು ಸಣ್ಣ ವೂಫರಿಗೆ ಆ ಸಹಾಯ ಬೇಕು. ಎರಚಲು ನೀರೂ ಅಲ್ಲಿಗೆ ಮುಟ್ಟುವುದಿಲ್ಲ. ಆಳೆತ್ತರಕ್ಕಿಂತ ಸ್ವಲ್ಪ ಮೇಲೆ ಹಾಕಿ ಕೆಳಗೆ ಬಗ್ಗಿಸಿದ್ದೇವೆ. ತೀರಾ ಮೇಲೆ, ಹಂಚಿನ ಹತ್ತಿರ ಹೋದರೆ ಸದ್ದು ಮಾಡಿಗೆ ಬಡಿದು ಮಾತು ಕಲಸಿಹೋಗುತ್ತದೆ.

ಸ್ಟೀರಿಯೋ ಎಂಬ ಆಸೆಯನ್ನು ಜಗಲಿಯಲ್ಲಿ ಬಿಡಬೇಕು. ಉದ್ದ ಜಗಲಿಯ ಒಂದು ತುದಿಯಲ್ಲಿ ಕೂತವರಿಗೆ ಎಡಗಡೆ ಚಾನೆಲ್ ಮಾತ್ರ ಕೇಳುತ್ತದೆ. ಹಳೇ ರೆಕಾರ್ಡಿಂಗುಗಳಲ್ಲಿ ದನಿ ಒಂದು ಕಡೆ, ವಾದ್ಯ ಒಂದು ಕಡೆ ಇದ್ದರೆ ಇನ್ನೂ ಕಷ್ಟ, ನನಗೆ ಹಾಡು, ಅವರಿಗೆ ಬರೀ ತಬಲಾ. ಫೋನಿನ ಸೆಟ್ಟಿಂಗಲ್ಲಿ ಆಕ್ಸೆಸಿಬಿಲಿಟಿ ಒಳಗೆ ಮೋನೋ ಆಡಿಯೋ ಎಂದು ಇರುತ್ತದೆ. ಆಂಡ್ರಾಯ್ಡ್, ಐಫೋನ್ ಎರಡರಲ್ಲೂ ಇದೆ. ಅದನ್ನು ಆನ್ ಮಾಡಿದರೆ ಎರಡೂ ಬಾಕ್ಸಿನಲ್ಲಿ ಒಂದೇ ಬರುತ್ತದೆ. ಪುಕ್ಕಟೆ ಕೆಲಸ, ಮಗಳು ಎರಡು ನಿಮಿಷದಲ್ಲಿ ಮಾಡಿಕೊಟ್ಟಳು.

ಆಂಪ್ಲಿಫೈಯರ್ ಒಳಗೆ ಕಿಟಕಿ ಪಕ್ಕ ಇದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನವರ ಟಿಪಿಎ 3116 ಎಂಬ ಚಿಪ್ ಇರುವ, ಕ್ಲಾಸ್ ಡಿ ಎಂಬ ಕಡಿಮೆ ಕರೆಂಟಿನ ಬಗೆಯ ಪೆಟ್ಟಿಗೆ. ಇಂಥವು ಎಸ್.ಪಿ. ರೋಡಿನಲ್ಲಿ ಹತ್ತಾರು ಹೆಸರಲ್ಲಿ ಸಿಗುತ್ತವೆ. 24 ವೋಲ್ಟ್ ಅಡಾಪ್ಟರ್ ಕೊಟ್ಟರೆ 8 ಓಮ್ (ಕರೆಂಟಿಗೆ ತಡೆಯ ಅಳತೆ) ಸ್ಪೀಕರಿಗೆ ಒಂದೊಂದಕ್ಕೆ ಸುಮಾರು 30 ವ್ಯಾಟ್ ಕೊಡುತ್ತದೆ. ನಮಗೆ ಅದರಲ್ಲಿ ನಾಲ್ಕೈದು ವ್ಯಾಟ್ ಖರ್ಚಾದರೆ ಹೆಚ್ಚು. ಬಿಸಿ ಆಗುವುದಿಲ್ಲ, ಕರೆಂಟ್ ತಿನ್ನುವುದಿಲ್ಲ. ಅಡಾಪ್ಟರ್ ಮಾತ್ರ ಒಳ್ಳೆಯದೇ ತಗೊಳ್ಳಿ. ಪುಕ್ಕಟೆ ಕೊಟ್ಟ ಅಡಾಪ್ಟರಿನಲ್ಲಿ ಹಾಡಿನ ಸಂದಲ್ಲೆಲ್ಲ ಸಣ್ಣಗೆ ಸುಂಯ್ ಎನ್ನುತ್ತಿತ್ತು, ಬದಲಾಯಿಸಿದ ಮೇಲೆ ಹೋಯ್ತು. ಸ್ಪೀಕರಿನಲ್ಲಿ ಟ್ಯಾಪ್, ಅಂದರೆ ಯಾವ ಬಗೆಯ ಲೈನಿಗೆ, ಎಷ್ಟು ವ್ಯಾಟಿಗೆ ಎಂದು ಆಯ್ದುಕೊಳ್ಳುವ ಸ್ವಿಚ್ಚು ಇದೆ, ಅದು 8 ಓಮ್‌ನಲ್ಲೇ ಇರಬೇಕು. ದೂರದ ಲೈನಿಗೆಂದು ಇರುವ 70 ಅಥವಾ 100 ವೋಲ್ಟ್ ಕಡೆ ಇದ್ದರೆ ಇಂಥ ಆಂಪ್ಲಿಫೈಯರಿನಿಂದ ದನಿ ಏಳುವುದೇ ಇಲ್ಲ, ಸ್ಪೀಕರ್ ಕೆಟ್ಟಿದೆ ಎಂದು ವಾಪಸ್ ತಗೊಂಡು ಹೋಗುತ್ತೀರಿ.

ಆಂಪ್ಲಿಫೈಯರ್ ಕಿಟಕಿ ಪಕ್ಕವೇ ಇರಲು ಕಾರಣ ಇದೆ. ಬ್ಲೂಟೂತ್ 10 ಮೀಟರ್ ಎನ್ನುವುದು ಬಯಲಿನ ಲೆಕ್ಕ. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ ಮಧ್ಯೆ ಬಂದರೆ ಹಾಡು ಕುಂಟುತ್ತದೆ. ಮತ್ತೆ, ನಿಮ್ಮ ಸ್ವಂತ ಫೋನನ್ನು ಇದಕ್ಕೆ ಕಟ್ಟಬೇಡಿ. ಯಾರೋ ಸಾಲ ಕೇಳಲು ಫೋನ್ ಮಾಡಿದರೆ ರಿಂಗ್‌ಟೋನ್ ಇಡೀ ಕೇರಿಗೆ ಕೇಳುತ್ತದೆ. ಮಗಳ ಹಳೇ ಫೋನು, ಸಿಮ್ ಇಲ್ಲದ್ದು, ಮೆಮೊರಿ ಕಾರ್ಡ್ ತುಂಬಾ ತಾಳಮದ್ದಲೆ, ಈಗ ಇದಕ್ಕೇ ಮೀಸಲು. ಮಾವನ ರೇಡಿಯೋ ಆಕ್ಸ್ ವೈರಿನಲ್ಲಿ ಸೇರಿದೆ. ಅವರು ರೇಡಿಯೋದ ಗುಂಡಿ ಮಾತ್ರ ಮುಟ್ಟುತ್ತಾರೆ, ಉಳಿದದ್ದು ನಮ್ಮ ಕೆಲಸ.

ವೈರು ಪೂರ್ತಿ ತಾಮ್ರದ್ದು, 1.5 ಚದರ ಮಿಲಿಮೀಟರ್ ಹಾಕಿದ್ದೇವೆ. 20 ಮೀಟರ್ ದೂರಕ್ಕೆ ಹೋಗಿ ಬರುವ ವೈರಿನ ತಡೆ ಅರ್ಧ ಓಮ್ ಹತ್ತಿರ, 8 ಓಮ್ ಸ್ಪೀಕರಿಗೆ ಅದು ಲೆಕ್ಕಕ್ಕಿಲ್ಲ. ಚಿನ್ನದ ಬಣ್ಣದ ದುಬಾರಿ ವೈರು ತೋರಿಸುತ್ತಾರೆ. ಬೇಡ ಎನ್ನಿ. ಆದರೆ ಅಲ್ಯೂಮಿನಿಯಮ್ಮಿಗೆ ತಾಮ್ರದ ಲೇಪ ಹಾಕಿದ ಅಗ್ಗದ ವೈರೂ ಬೇಡ, ನಮ್ಮ ಥಂಡಿಯಲ್ಲಿ ತುದಿ ಬೇಗ ಹಾಳಾಗುತ್ತದೆ. ಬ್ಲೇಡಿನಲ್ಲಿ ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ವಾಪಸ್ ಕೊಡಿ.

ಹುಳುಗಳ ಬಗ್ಗೆ ಯಾವ ರಿವ್ಯೂದಲ್ಲೂ ಬರೆಯುವುದಿಲ್ಲ, ಆದರೆ ಜಗಲಿಯಲ್ಲಿ ಅದು ದೊಡ್ಡ ವಿಷಯ. ಇದಕ್ಕಿಂತ ಮೊದಲು ಅಣ್ಣನ ಮನೆಯ ಹಳೇ ಬುಕ್‌ಶೆಲ್ಫ್ ಸ್ಪೀಕರ್ ಒಂದು ಜೊತೆ ಜಗಲಿಯಲ್ಲಿತ್ತು. ಹಿಂದೆ ಬೇಸಿಗೆಂದು ದುಂಡನೆಯ ತೂತು. ಕುಂಬಾರ ಹುಳ ಅದನ್ನೇ ಕಾಯುತ್ತಿತ್ತೋ ಏನೋ. ಕೆಸರಿನ ಉಂಡೆ ತಂದು ತಂದು ಅಂಟಿಸಿ, ಸಾಲಾಗಿ ಕೋಣೆ ಕಟ್ಟಿ, ಒಂದೊಂದರಲ್ಲಿ ಜೇಡ ತುಂಬಿ ಮುಚ್ಚಿತ್ತು. ತೆಗೆದಾಗ ಒಣಗಿದ ಮಣ್ಣು ಬೊಗಸೆಯಷ್ಟು ಬಂತು. ಕಾಗದದ ಕೋನ್‌ಗೆ ಬೂಷ್ಟು ಹಿಡಿದು ಅಂಚು ಮೆತ್ತಗಾಗಿತ್ತು. ಜಗಲಿಗೆ ತಗೊಳ್ಳುವಾಗ ಹಿಂದೆ ಬಾಯಿ ತೆರೆದಿರುವ ಬಾಕ್ಸ್ ಬೇಡ, ಕಾಗದದ ಕೋನ್ ಬೇಡ. ಇರುವುದನ್ನೇ ಹಾಕುತ್ತೇನೆ ಎಂದರೆ ತೂತಿಗೆ ಸೊಳ್ಳೆ ಪರದೆಯ ಒಂದು ತುಂಡು ಬಿಗಿಯಾಗಿ ಅಂಟಿಸಿ.

ಏಪ್ರಿಲ್, ಮೇ ತಿಂಗಳ ಗುಡುಗಿಗೆ ಯಾವ ಕಂಪನಿಯ ವಾರಂಟಿಯೂ ಉತ್ತರ ಅಲ್ಲ. ಎಂಸಿಬಿ ಇದೆಯಲ್ಲ ಎಂದು ಧೈರ್ಯ ಮಾಡಬೇಡಿ, ಸಿಡಿಲಿನ ವೇಗಕ್ಕೆ ಅದು ತಡೆಯುವುದಿಲ್ಲ. ದೂರದಲ್ಲಿ ಗುಡುಗು ಕೇಳಿದ ಕೂಡಲೇ ಪ್ಲಗ್ ಕಿತ್ತು ಇಡುವುದು, ರೇಡಿಯೋಗೆ ಹೊರಗಿನ ಆಂಟೆನಾ ಇದ್ದರೆ ಅದನ್ನೂ ಕಳಚುವುದು. ಅದಕ್ಕೇ ಪ್ಲಗ್ ಬೀರುವಿನ ಹಿಂದೆ ಇರಬಾರದು, ಕೈಗೆ ಸಿಗಬೇಕು. ಕರೆಂಟ್ ಹೋದಾಗ ಇನ್ವರ್ಟರಿನಲ್ಲಿ ನಡೆಯುತ್ತದೆ. ಸ್ಕ್ವೇರ್ ವೇವ್ ಇನ್ವರ್ಟರ್ ಇರುವವರಿಗೆ ಟ್ರಾನ್ಸ್‌ಫಾರ್ಮರ್ ಇರುವ ಹಳೇ ಆಂಪ್ಲಿಫೈಯರಿನಲ್ಲಿ ಗುರ್ ಎನ್ನುವ ಸದ್ದು ಬರಬಹುದು, ಸೈನ್ ವೇವ್ ಆದರೆ ಆ ತೊಂದರೆ ಇಲ್ಲ.

ಜೋರು ಮಳೆಯಲ್ಲಿ ಇದೂ ಸೋಲುತ್ತದೆ. ಜುಲೈ ತಿಂಗಳಲ್ಲಿ ಹಂಚಿನ ಮೇಲೆ ನೀರು ಸುರಿಯುವಾಗ, ಅಂಗಳದ ಶೀಟಿನ ಮೇಲೆ ಬಡಿಯುವಾಗ, ವಾಲ್ಯೂಮ್ ಏರಿಸಿ ಪ್ರಯೋಜನ ಇಲ್ಲ. ಮಳೆ ಸದ್ದು ಎಲ್ಲ ಸ್ವರಗಳಲ್ಲೂ ಹರಡಿರುತ್ತದೆ, ಮಾತನ್ನೇ ಮೊದಲು ನುಂಗುತ್ತದೆ. ಆಗ ಆಫ್ ಮಾಡಿ ಮಳೆ ನೋಡುತ್ತೇವೆ. ಕೆಳಗಿನ ಸ್ವರವೂ ಕಡಿಮೆಯೇ, ಐದಿಂಚಿನ ಯಾವ ಬಾಕ್ಸಿನಲ್ಲೂ ಬಯಲಲ್ಲಿ ಅದನ್ನು ನಿರೀಕ್ಷಿಸುವಂತಿಲ್ಲ. ಮಗಳಿಗೆ ಅದೊಂದು ಕೊರತೆ. ರಾತ್ರಿ 10ರ ನಂತರ ನಮ್ಮಲ್ಲಿ ಬಂದ್. ಕಾನೂನಿನ ಪ್ರಕಾರ ಮನೆಗಳಿರುವ ಜಾಗದಲ್ಲಿ ರಾತ್ರಿ 45 ಡೆಸಿಬಲ್ ಮಿತಿ, ಹಗಲು 55. ತೋಟದಾಚೆಯ ಮನೆಯವರು ಇದುವರೆಗೆ ಏನೂ ಅಂದಿಲ್ಲ. ಒಮ್ಮೆ ಮಾತ್ರ "ನಿನ್ನೆ ಪ್ರಸಂಗ ಅರ್ಧಕ್ಕೇ ನಿಲ್ಲಿಸಿದ್ರಲ್ಲ" ಎಂದು ಕೇಳಿದರು.

ಎಲ್ಲ ಸೇರಿ, ಬಡಗಿ ಕೂಲಿಯೂ ಹಿಡಿದು, ಒಂದು ಒಳ್ಳೆಯ ಟೀವಿಗೆ ಕೊಡುವಷ್ಟು ದುಡ್ಡಾಯ್ತು. ದುಬಾರಿಯೇ. ಕಡಿಮೆ ದುಡ್ಡಿಗೆ ಬೇಕೆಂದರೆ ಅಹುಜಾದವರ ಗೋಡೆ ಸ್ಪೀಕರುಗಳಿವೆ. ನಮ್ಮ ಕಡೆ ದೇವಸ್ಥಾನ, ಶಾಲೆಗಳಲ್ಲೆಲ್ಲ ಅವರದ್ದೇ. ಮಾತಿಗೆ ಚೆನ್ನಾಗಿರುತ್ತವೆ, ರಿಪೇರಿ ಮಾಡುವವರು ತೀರ್ಥಹಳ್ಳಿಯಲ್ಲೇ ಸಿಗುತ್ತಾರೆ. ಬರೀ ರೇಡಿಯೋ, ತಾಳಮದ್ದಲೆ ಸಾಕು ಎನ್ನುವ ಮನೆಗೆ ನಾನು ಅದನ್ನೇ ಹೇಳುತ್ತೇನೆ.

ಈಗ ಹಿಂದಿನ ಕೊಟ್ಟಿಗೆ ಹತ್ತಿರಕ್ಕೂ ಒಂದು ಬೇಕು ಎಂದು ಬೇಡಿಕೆ ಬಂದಿದೆ, ಹಾಲು ಕರೆಯುವಾಗ ಸುದ್ದಿ ಕೇಳಲು. ಇದೇ ಆಂಪ್ಲಿಫೈಯರಿಗೆ ಮೂರನೆಯದನ್ನು ಜೋಡಿಸಿದರೆ ಒಂದು ಕಡೆ 8 ಓಮ್ ಹೋಗಿ 4 ಓಮ್ ಆಗುತ್ತದೆ, ಎರಡೂ ಕಡೆಯ ವಾಲ್ಯೂಮ್ ಒಟ್ಟಿಗೆ ಏರುತ್ತದೆ. ಅಷ್ಟು ದೂರ ಎಳೆಯುವುದಾದರೆ 100 ವೋಲ್ಟ್ ಲೈನಿನ ಆಂಪ್ಲಿಫೈಯರ್ ತರುವುದೇ ಸರಿ. ಸಣ್ಣ ವೈರಿನಲ್ಲೇ ದೂರ ಹೋಗುತ್ತದೆ, ಒಂದೊಂದು ಸ್ಪೀಕರಿಗೂ ಎಷ್ಟು ವ್ಯಾಟ್ ಎಂದು ಟ್ಯಾಪಿನಲ್ಲೇ ಇಡಬಹುದು. ನಮ್ಮ ಸ್ಪೀಕರಿನಲ್ಲಿ ಆ ಸ್ವಿಚ್ಚು ಹೇಗೂ ಇದೆ. ದುಡ್ಡು ಅಡಿಕೆ ಮಾರಿದ ಮೇಲೆ ನೋಡೋಣ ಎಂದಿದ್ದೇನೆ.